ಕಂತು 43: ಅಡುಗೆ ಪುಸ್ತಕ ಕೊನೆಗೂ ಬೆಂದಿತು

ಮೂರು ವಾರ ಹಿಡಿಯಿತು. ‘ಟ್ವೈಲೈಟ್ ಝೋನ್’ ಎಂಬ ಅಮೆರಿಕದ ಹಳೆಯ ಟಿವಿ ಸರಣಿಯ ಒಂದೇ ಒಂದು ಕಂತಿನ ವಿಮರ್ಶೆಗೆ! ನಿನ್ನೆ ರಾತ್ರಿ ಹನ್ನೊಂದೂವರೆಗೆ ವಿಮರ್ಶೆ ಮುಗಿಯಿತು. ಅದೂ ನನ್ನ ಬುದ್ಧಿಯಿಂದಲ್ಲ, ಅಮ್ಮನ ಕಷಾಯದ ಬಾಟಲಿಯಿಂದ.

ಒಂದೊಂದು ಕಂತಿಗೂ ಒಂದೊಂದು ವಿಮರ್ಶೆ ಬರೆಯುವ ನನ್ನ ಈ ಆಟದ ನಿಯಮಗಳು ಇಷ್ಟೇ. ಒಂದೇ ಪುಟ. ಕನ್ನಡದಲ್ಲೇ ನಗಿಸಬೇಕು. ಕಂತಿನ ಹೆಸರಿಗೂ ಕನ್ನಡ ಹೆಸರು ಕೊಡಬೇಕು. ಹೆದರಿಕೆಗೆ ಅಂಕ, ಅದೂ ಕಂಬಳಿಯಲ್ಲಿ. ಒಂದು ಕಂಬಳಿ ಅಂದರೆ ಕಾಲು ಮಾತ್ರ ಒಳಗೆ, ಐದು ಅಂದರೆ ತಲೆತನಕ ಮುಸುಕು, ಜೊತೆಗೆ ಬಚ್ಚಲಿನ ದೀಪ ಉರಿಯುತ್ತಲೇ ಇರಬೇಕು.

‘ಟ್ವೈಲೈಟ್ ಝೋನ್’ ಒಟ್ಟು 156 ಕಂತು. ನಾನು 42 ಮುಗಿಸಿದ್ದೆ. ಮೂಡ್ ಬಂದಂತೆ ಆರಿಸಿಕೊಳ್ಳುವುದರಿಂದ ಕ್ರಮ ಗಿಮ ಏನೂ ಇಲ್ಲ. ಕನ್ನಡಕ ಒಡೆದುಕೊಂಡ ಬ್ಯಾಂಕ್ ನೌಕರನ ಕಂತು (1959) ಅರ್ಧ ಗಂಟೆಯಲ್ಲಿ ಆಯಿತು. ನನಗೂ ಮೈನಸ್ ಐದು ಇದೆ, ಆ ಸಂಕಟವನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂಟಿ ಮನೆಯ ಹೆಂಗಸು ಪುಟಾಣಿ ಶತ್ರುಗಳ ಜೊತೆ ಹೊಡೆದಾಡುವ ‘ದಿ ಇನ್‌ವೇಡರ್ಸ್’ (1961) ಇನ್ನೂ ಸುಲಭ. ಅದರಲ್ಲಿ ಮಾತೇ ಇಲ್ಲ ಅನ್ನಬಹುದು, ಅನುವಾದದ ಗೋಳೂ ಇಲ್ಲ. ವಿಲಿಯಂ ಶಾಟ್ನರ್ ವಿಮಾನದ ಕಿಟಕಿಯಿಂದ ರೆಕ್ಕೆ ಮೇಲಿನ ಪ್ರಾಣಿ ನೋಡಿ ಕಿರುಚುವ ಕಂತಿಗೆ (1963) ನಾಲ್ಕು ಕಂಬಳಿ ಕೊಟ್ಟಿದ್ದೆ. ಆ ಪ್ರಾಣಿ ಮಾತ್ರ ನಾಟಕ ಕಂಪನಿಗೆ ವೇಷದ ಬಾಡಿಗೆ ಕೊಡದೆ ಓಡಿ ಬಂದ ಕರಡಿಯ ಹಾಗಿತ್ತು.

ಹೀಗೆ ಸರಾಗವಾಗಿ ಹೋಗುತ್ತಿದ್ದವನು 43ನೆಯದಕ್ಕೆ ಬಂದು ಮುಗ್ಗರಿಸಿದೆ. ‘ಟು ಸರ್ವ್ ಮ್ಯಾನ್’. ಮೂರನೆಯ ಸೀಸನ್, ಪ್ರಸಾರವಾದದ್ದು 1962ರ ಮಾರ್ಚ್ 2ರಂದು. ಡೇಮನ್ ನೈಟ್ 1950ರಲ್ಲಿ ಬರೆದ ಸಣ್ಣಕಥೆಯನ್ನು ಸರಣಿಯ ಸೃಷ್ಟಿಕರ್ತ ರಾಡ್ ಸರ್ಲಿಂಗ್ ಚಿತ್ರಕಥೆ ಮಾಡಿದ್ದು. (156ರಲ್ಲಿ 92 ಆತನೇ ಬರೆದದ್ದು. ನನಗೆ 43 ವಿಮರ್ಶೆಗೇ ಬೆನ್ನು ನೋವು.)

ಇನ್ನು ಮುಂದೆ ತಿರುವು ಬಯಲಾಗುತ್ತದೆ. ಅರವತ್ತು ವರ್ಷ ದಾಟಿದ ಕಂತು, ಆದರೂ ನೋಡದವರು ಹೋಗಿ ನೋಡಿಕೊಂಡು ಬನ್ನಿ. ಕಾಯುತ್ತೇನೆ.

ಬಂದಿರಾ? ಸರಿ. ಆಕಾಶದಿಂದ ಕನಮಿಟ್ ಎಂಬ ಎತ್ತರದ, ಬುರುಡೆ ತಲೆಯ ಜನ ಇಳಿಯುತ್ತಾರೆ. ಹಸಿವು ಹೋಗಿಸುತ್ತೇವೆ, ಯುದ್ಧ ನಿಲ್ಲಿಸುತ್ತೇವೆ ಅನ್ನುತ್ತಾರೆ. ಹೇಳಿದ ಹಾಗೆ ಮಾಡಿಯೂ ಬಿಡುತ್ತಾರೆ. ನಮ್ಮವರಿಗೆ ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಿದರೂ ಪಾಸು. ಅವರು ವಿಶ್ವಸಂಸ್ಥೆಯಲ್ಲಿ ಒಂದು ಪುಸ್ತಕ ಬಿಟ್ಟುಹೋಗಿರುತ್ತಾರೆ. ಸಂಕೇತ ಬಿಡಿಸುವವರು ತಿಣುಕಿ ತಿಣುಕಿ ಬರೀ ಶೀರ್ಷಿಕೆ ಓದುತ್ತಾರೆ. ಮನುಷ್ಯನ ಸೇವೆಗೆ ಅಂತ ಇದೆ! ಎಲ್ಲರಿಗೂ ನಿರಾಳ. ಜನ ಸಾಲು ಸಾಲಾಗಿ ಅವರ ಗ್ರಹಕ್ಕೆ ಪ್ರವಾಸ ಹೊರಡುತ್ತಾರೆ. ನಾಯಕ ಚೇಂಬರ್ಸ್ ನೌಕೆಯ ಮೆಟ್ಟಿಲು ಹತ್ತುತ್ತಿರುವಾಗ ಸಹಾಯಕಿ ಓಡಿ ಬಂದು ಕೂಗುತ್ತಾಳೆ. ಒಳಗಿನ ಪುಟಗಳನ್ನೂ ಓದಿದೆ, ಅದು ಅಡುಗೆ ಪುಸ್ತಕ ಅಂತ.

ಇಂಗ್ಲಿಷಿನ ‘ಸರ್ವ್’ಗೆ ಎರಡು ಅರ್ಥ. ಸೇವೆ ಮಾಡು, ಬಡಿಸು. ಇಡೀ ಕಂತು ನಿಂತಿರುವುದು ಆ ಒಂದು ಪದದ ಮೇಲೆ. ಅದನ್ನು ಕನ್ನಡಕ್ಕೆ ತರದೆ ವಿಮರ್ಶೆ ಬರೆದರೆ ಒಗ್ಗರಣೆ ಇಲ್ಲದ ಸಾರು. ತಂದು, ಕೆಳಗೆ ವಿವರಣೆ ಕೊಟ್ಟರೆ ನಗು ಅಲ್ಲೇ ಸಾಯುತ್ತದೆ.

ಮೊದಲ ವಾರ ಬರೆದ ಶೀರ್ಷಿಕೆ ‘ಮಾನವ ಸೇವೆ’. ಯಾವುದೋ ಟ್ರಸ್ಟಿನ ಬೋರ್ಡ್ ಇದ್ದ ಹಾಗಿದೆ. ಉಚಿತ ಕಣ್ಣಿನ ತಪಾಸಣೆ ಮಾಡಬಹುದು, ಯಾರನ್ನೂ ಬೇಯಿಸಲಾಗದು. ಆಮೇಲೆ ‘ಮಾನವರಿಗೆ ಬಡಿಸುವುದು’ ಅಂತ ಬರೆದೆ. ಇದರಲ್ಲಿ ಊಟ ಬಂತು, ಆದರೆ ಎಲೆ ಮುಂದೆ ಕೂತವರು ನಾವೇ. ‘ಮಾನವರನ್ನು ಬಡಿಸುವುದು’ ಅಂದರೆ ನಾವು ಎಲೆ ಮೇಲೆ. ನೋಡಿ, ಇಲ್ಲೇ ಕನ್ನಡ ಕೈ ಕೊಟ್ಟದ್ದು. ಇಂಗ್ಲಿಷಿನ ‘ಮ್ಯಾನ್’ಗೆ ಬಾಲ ಇಲ್ಲ. ತಿನ್ನುವವನೋ ತಿನ್ನಿಸಿಕೊಳ್ಳುವವನೋ ಗೊತ್ತಾಗುವುದಿಲ್ಲ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಚಾಡಿ ಹೇಳಿಬಿಡುತ್ತದೆ. ‘ಗೆ’ ಬಂದರೆ ಅತಿಥಿ, ‘ಅನ್ನು’ ಬಂದರೆ ಪಲ್ಯ. ಏಳನೆಯ ಕ್ಲಾಸಿನಲ್ಲಿ ವಿಭಕ್ತಿ ಬಾಯಿಪಾಠ ಮಾಡಿಸಿದ ಮೇಷ್ಟ್ರಿಗೆ ಇದು ಇಂಥ ಕಡೆ ಅಡ್ಡ ಬರುತ್ತದೆ ಅಂತ ಗೊತ್ತಿರಲಿಕ್ಕಿಲ್ಲ.

ಎರಡನೆಯ ವಾರ ಕಂತನ್ನೇ ಮತ್ತೆ ನೋಡೋಣ ಅಂದುಕೊಂಡೆ. ಅಲ್ಲಿ ಬಂದ ಡಿವಿಡಿ ಮಾರುವವನ ಕಥೆ! ಮೂರನೆಯ ಸೀಸನ್ನಿನ ಹಳೆ ಡಬ್ಬ ತರಿಸಿದ್ದೆ. ಡಬ್ಬದ ಮೇಲೆ ಮೂರು, ಒಳಗಿನ ಡಿಸ್ಕ್ ನಾಲ್ಕನೆಯ ಸೀಸನ್ನಿಂದು. ಅದೇ, ಒಂದೊಂದು ಕಂತೂ ಒಂದು ಗಂಟೆಗೆ ಎಳೆದ ಆ ಸೀಸನ್. ಜೊತೆಗೆ ಅದು ಅಮೆರಿಕದ ರೀಜನ್ 1. ನಮ್ಮದು ರೀಜನ್ 5. ಒಂದು ರೀಜನ್ನಿನ ಡಿಸ್ಕ್ ಇನ್ನೊಂದರ ಪ್ಲೇಯರಿಗೆ ಒಗ್ಗುವುದಿಲ್ಲ. ಪ್ಲೇಯರ್ ಬಾಯಿ ತೆರೆದು ಡಿಸ್ಕ್ ನುಂಗಿತು, ಒಂದು ನಿಮಿಷ ಯೋಚಿಸಿತು, ಉಗುಳಿತು. ಫೋನ್ ಮಾಡಿದರೆ ಆ ಮಹಾನುಭಾವ ಹೇಳಿದ್ದು: “ಎರಡೂ ಕಪ್ಪು ಬಿಳುಪೇ ಅಲ್ವಾ ಸಾರ್, ಯಾವುದಾದ್ರೇನು?” ಬದಲಿ ಡಿಸ್ಕ್ ಬರಲು ಒಂಬತ್ತು ದಿನ. ಬಂದ ಡಿಸ್ಕಿನ ಮೇಲೆ ದೋಸೆ ಹುಯ್ದ ಹಾಗೆ ಸುತ್ತು ಸುತ್ತು ಗೀರು. ಪುಣ್ಯಕ್ಕೆ ನನಗೆ ಬೇಕಾದ ಕಂತು ಗೀರಿನಿಂದ ಪಾರಾಗಿತ್ತು.

ಮತ್ತೆ ನೋಡಿದ್ದು ಒಳ್ಳೆಯದೇ ಆಯಿತು. ಮೊದಲು ಗಮನಿಸದ ಎರಡು ವಿಷಯ ಸಿಕ್ಕವು. ಒಂದು, ಕನಮಿಟ್ ಆಗಿ ನಟಿಸಿದ ಏಳಡಿ ಮೀರಿದ ಮನುಷ್ಯ ರಿಚರ್ಡ್ ಕೀಲ್. 1977ರ ಬಾಂಡ್ ಸಿನಿಮಾದಲ್ಲಿ ಉಕ್ಕಿನ ಹಲ್ಲಿನ ಖಳ ಆದವನೂ ಇವನೇ. ಹದಿನೈದು ವರ್ಷ ಮನುಷ್ಯರನ್ನು ಅಗಿದು ಹಲ್ಲು ಸವೆದು, ಕಡೆಗೆ ಉಕ್ಕಿನದು ಕಟ್ಟಿಸಿಕೊಂಡಿರಬೇಕು. ಎರಡು, ನೌಕೆಯೊಳಗೆ ಚೇಂಬರ್ಸ್ ಊಟ ಬೇಡ ಅಂದರೆ ಕನಮಿಟ್ ಬಿಡುವುದಿಲ್ಲ. ತಿನ್ನಿ, ತೂಕ ಇಳಿಯಬಾರದು ಅಂತ ಉಪಚಾರ. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮ ಕಡೆ ಮದುವೆ ಪಂಕ್ತಿ! “ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ, ಏನೂ ತಿಂದೇ ಇಲ್ಲ ನೀವು.” ತುಪ್ಪದ ಸೌಟು ಹಿಡಿದು ಮೇಲೆ ಬಗ್ಗಿದ ಬೀಗರ ಮುಖದಲ್ಲೂ ಅದೇ ನಗು. ವಿಮರ್ಶೆಯ ಅರ್ಧ ಪುಟ ಇದರಲ್ಲೇ ತುಂಬಿತು. ಶೀರ್ಷಿಕೆ ಮಾತ್ರ ಇನ್ನೂ ಖಾಲಿ.

ಮೂರನೆಯ ವಾರ, ಮಂಗಳವಾರ. ಅಮ್ಮ ಕಷಾಯದ ಬಾಟಲಿ ಕೊಟ್ಟು “ಎಷ್ಟು ಚಮಚ ಅಂತ ಬರ್ದಿದೆ ನೋಡೋ” ಅಂದರು. ಓದಿದೆ. ‘ಊಟದ ನಂತರ ದಿನಕ್ಕೆ ಎರಡು ಬಾರಿ ಸೇವಿಸಬೇಕು.’

ಸೇವಿಸಬೇಕು.

ಅಮ್ಮನ ಕಷಾಯ ಅರ್ಧ ಗಂಟೆ ತಡವಾಯಿತು. ಸೇವಿಸು ಅಂದರೆ ತಿನ್ನು, ಕುಡಿ. ಗುರುಗಳನ್ನು ಸೇವಿಸು ಅಂದರೆ ಸೇವೆ ಮಾಡು. ಎರಡೂ ಕಡೆ ‘ಅನ್ನು’! ಕಷಾಯವನ್ನು ಸೇವಿಸು, ಗುರುವನ್ನು ಸೇವಿಸು. ಚಾಡಿಕೋರ ಪ್ರತ್ಯಯದ ಬಾಯಿ ಬಂದ್. ‘ಮಾನವರನ್ನು ಸೇವಿಸುವ ವಿಧಾನ.’ ಇಂಗ್ಲಿಷಿಗಿಂತ ಚೆನ್ನಾಗಿ ಕೂತಿತು, ನನ್ನಾಣೆ.

ಈ ಕಂತಿನ ಮೇಲೆ ಒಂದು ಹಳೆಯ ತಕರಾರಿದೆ. ಬೇರೆ ಗ್ರಹದ ಭಾಷೆಯ ಶ್ಲೇಷೆ ಇಂಗ್ಲಿಷಿನಲ್ಲೂ ಅಷ್ಟು ಸರಿಯಾಗಿ ಹೇಗೆ ಹೊಂದಿತು ಅಂತ. ನನ್ನ ಉತ್ತರ ಸಿದ್ಧವಿದೆ. ಅವರ ಭಾಷೆಯಲ್ಲಿ ‘ಸೇವಿಸು’ ಥರದ್ದೇ ಪದ ಇರಬೇಕು. ಹೆಸರೂ ‘ಕ’ದಿಂದಲೇ ಶುರು. ಕನಮಿಟ್, ಕನ್ನಡ. ಹೆಚ್ಚು ಹೇಳುವುದಿಲ್ಲ, ಸಂಶೋಧಕರು ನೋಡಿಕೊಳ್ಳಲಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಅಣ್ಣನ ಮಗನ ಮೇಲೆ ಪರೀಕ್ಷೆ ಮಾಡಿದೆ. ಹದಿನಾರು ವರ್ಷ. ಚಕ್ಕುಲಿ ತಿನ್ನುತ್ತಿದ್ದ. ಕಥೆ ಹೇಳಿ, ಉಸಿರು ಬಿಗಿಹಿಡಿದು, ಶೀರ್ಷಿಕೆ ಓದಿದೆ.

“ತಿಂತಾರಲ್ವಾ ಚಿಕ್ಕಪ್ಪ?” ಅಂದ. ತಲೆಯೂ ಎತ್ತಲಿಲ್ಲ.

ಈಗಿನವರಿಗೆ ಸೇವಿಸು ಅಂದರೆ ಬರೀ ತಿನ್ನುವುದು, ಕುಡಿಯುವುದು. ಬಾಟಲಿ ಮೇಲೂ ಅದೇ, ಮದ್ಯ ಸೇವನೆ ಮಾಡಬೇಡಿ ಅನ್ನುವ ಬೋರ್ಡಿನಲ್ಲೂ ಅದೇ. ಗುರುವನ್ನು ಸೇವಿಸಿದ ಕಾಲ ಹೋಯಿತು. ಅಮ್ಮನಿಗೆ ಓದಿ ಹೇಳಿದರೆ ಉಲ್ಟಾ. “ಒಳ್ಳೆ ಪುಸ್ತಕ, ನಂಗೂ ತಂದ್ಕೊಡು” ಅಂದರು. ಅಡುಗೆ ಪುಸ್ತಕ ಅಂತ ಬಿಡಿಸಿ ಹೇಳಿದ ಮೇಲೆ ಆ ದಿನ ನನಗೆ ಕಾಫಿ ಸಿಗಲಿಲ್ಲ.

ಬೇಜಾರಾಗಿ ಆ ಕಡತ ಮುಚ್ಚಿ ಮುಂದಿನ ಯೋಜನೆ ತೆಗೆದೆ. ಆಲ್‌ಫ್ರೆಡ್ ಹಿಚ್‌ಕಾಕ್‌ನ ಸಸ್ಪೆನ್ಸ್ ಸರಣಿ. ಅದರಲ್ಲಿ 1958ರ ಒಂದು ಕಂತಿದೆ, ರೋಆಲ್ಡ್ ಡಾಲ್ ಕಥೆ. ಹೆಂಡತಿ ಫ್ರೀಜರಿನಲ್ಲಿ ಕಲ್ಲಾದ ಕುರಿ ತೊಡೆಯಿಂದ ಪೊಲೀಸ್ ಗಂಡನ ತಲೆಗೆ ಹೊಡೆಯುತ್ತಾಳೆ. ಅದನ್ನೇ ಬೇಯಿಸಿ, ಆಯುಧ ಹುಡುಕಲು ಬಂದ ಪೊಲೀಸರಿಗೇ ಬಡಿಸುತ್ತಾಳೆ. ಸಸ್ಯಾಹಾರಿ ಮನೆಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಒಂದು ಗಂಟೆ ಯೋಚಿಸಿದೆ. ಒನಕೆ ಇದೆ, ಚಿತ್ರದುರ್ಗದಲ್ಲಿ ಓಬವ್ವ ತೋರಿಸಿಕೊಟ್ಟಿದ್ದಾಳೆ, ಆದರೆ ಬೇಯುವುದಿಲ್ಲ. ಹಲಸಿನ ಹಣ್ಣಿನ ವಾಸನೆಯೇ ಸಾಕ್ಷಿ ಹೇಳುತ್ತದೆ. ಸುವರ್ಣಗಡ್ಡೆ! ಎತ್ತಿ ಹಾಕಿದರೆ ಆಯುಧ, ಹೆಚ್ಚಿ ಹಾಕಿದರೆ ಹುಳಿ. ಒಂದೇ ಅಪಾಯ, ಹುಣಸೆ ಕಡಿಮೆಯಾದರೆ ಠಾಣೆಗೆ ಠಾಣೆಯೇ ಗಂಟಲು ತುರಿಸಿಕೊಂಡು ಕೂರುತ್ತದೆ. ಇದರ ಬಗ್ಗೆ ಮುಂದೆ ಬರೆಯುತ್ತೇನೆ.

ನಿನ್ನೆ ಸಂಜೆ ಅಮ್ಮ ದೇವಸ್ಥಾನದಿಂದ ಬಂದು ಪ್ರಸಾದದ ಪೊಟ್ಟಣ ಕೊಟ್ಟರು. ನಾನು ಒಂದೇ ಕೈಯಲ್ಲಿ ಬಾಯಿಗೆ ಹಾಕಿಕೊಂಡೆ. “ಭಕ್ತಿಯಿಂದ ತಗೋಬೇಕು ಕಣೋ” ಅಂತ ಬೈದರು. ಬೈದದ್ದೇ ಬಂತು, ಓಡಿಹೋಗಿ ಬರೆದೆ:

‘ಮಾನವರನ್ನು ಭಕ್ತಿಯಿಂದ ಸೇವಿಸುವ ವಿಧಾನ.’

ಈಗ ನೋಡಿ. ‘ಭಕ್ತಿಯಿಂದ’ ಅಂದ ಕೂಡಲೇ ಯಾರಾದರೂ ಸರಿ, ತಲೆ ದೇವಸ್ಥಾನಕ್ಕೆ ಹೋಗುತ್ತದೆ. ಅಲ್ಲಿ ಅರ್ಚನೆ, ಆರತಿ, ಎಲ್ಲ ಸೇವೆಯೇ. ಕಡೆಗೆ ಪ್ರಸಾದ. ಅದನ್ನೂ ಭಕ್ತಿಯಿಂದಲೇ ಸೇವಿಸುವುದು. ಕನಮಿಟ್‌ಗಳು ಪಾಪ ಸುಳ್ಳೇನೂ ಹೇಳಿಲ್ಲ.

ಪರೀಕ್ಷೆಗೆ ಅಣ್ಣನ ಮಗ ಬಿಟ್ಟರೆ ಅವನ ಗೆಳೆಯನೊಬ್ಬ ಸಿಕ್ಕ. ಕಥೆ ಕೇಳಿರದವನು. ಶೀರ್ಷಿಕೆ ಓದಿದೆ. “ಓ, ಒಳ್ಳೆಯವರು ಹಂಗಾದ್ರೆ” ಅಂದ. ನಾನು ಅಡುಗೆ ಪುಸ್ತಕದ ಸಾಲು ಓದಿದೆ. ಹತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಕೈಯಲ್ಲಿದ್ದ ಚಕ್ಕುಲಿಯನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟ. ಮೂರು ವಾರದ ಸಂಬಳ ಅಲ್ಲೇ ಬಂತು.

ಅಂಕ: ಐದಕ್ಕೆ ಮೂರು ಕಂಬಳಿ. ಕನಮಿಟ್‌ನ ತಲೆ ನೋಡಿದರೆ ಹೆದರಿಕೆಗಿಂತ ಮರುಕ ಜಾಸ್ತಿ. ಪಂಕ್ತಿ ಉಪಚಾರಕ್ಕೆ ಅರ್ಧ ಕಂಬಳಿ ಹೆಚ್ಚುವರಿ.

ಇದನ್ನು ಟೈಪ್ ಮಾಡುತ್ತಿರುವಾಗಲೇ ಆ ಡಿವಿಡಿಯವರಿಂದ ಮೆಸೇಜ್ ಬಂತು. ಯಾವುದೋ ಯಂತ್ರ ಇಂಗ್ಲಿಷಿನಿಂದ ಕನ್ನಡ ಮಾಡಿದ್ದಿರಬೇಕು. ‘ಪ್ರಿಯ ಗ್ರಾಹಕರೇ, ನಿಮ್ಮನ್ನು ಸೇವಿಸಲು ನಮಗೆ ಸಂತೋಷವಾಗಿದೆ. ಶೀಘ್ರದಲ್ಲೇ ಮತ್ತೆ ಸೇವಿಸುತ್ತೇವೆ.’

ಅವರ ಹತ್ತಿರ ನನ್ನ ಮನೆ ವಿಳಾಸ ಇದೆ.