ಅಲಾಯ್ ಪೈಪಿಂಗ್ ಟ್ರೇಸಬಿಲಿಟಿ: ಕಟಿಂಗ್ ಮುಗಿಯಿತು, ಫಿಟ್‌ಅಪ್ ನಡೆಯುತ್ತಿದೆ

ಹೈ ಪ್ರೆಶರ್ ಸ್ಟೀಮ್ ಪೈಪಿಂಗ್‌ನ ಮೆಟೀರಿಯಲ್ ರಿಜಿಸ್ಟರ್, ಅಂದರೆ ಯಾವ ತುಂಡು ಯಾವ ಉಕ್ಕಿನದು, ಎಲ್ಲಿಗೆ ಹೋಯಿತು ಎಂದು ಜಾಡು ಹಿಡಿಯುವ (ಟ್ರೇಸಬಿಲಿಟಿ) ದಾಖಲೆ, ಈಗ ಕಟಿಂಗ್ ಹಂತ ದಾಟಿದೆ. ಅಲಾಯ್ ಉಕ್ಕಿನ ಪೈಪುಗಳ ಮಾನದಂಡವಾದ ಎಎಸ್‌ಟಿಎಂ ಎ335ರ ಪಿ91, ಪಿ22, ಪಿ11 ಗ್ರೇಡಿನ ಪೈಪುಗಳೂ ಅವುಗಳ ಎಲ್ಬೋ, ಟೀ, ರೆಡ್ಯೂಸರ್‌ಗಳೂ ನಮೂದಾಗಿವೆ. ಸ್ಪೂಲ್ ಫಿಟ್‌ಅಪ್ (ವೆಲ್ಡಿಂಗ್‌ಗೆ ಮೊದಲು ಪೈಪ್ ತುಂಡುಗಳನ್ನು ಹೊಂದಿಸಿ ನಿಲ್ಲಿಸುವುದು) ನಡೆಯುತ್ತಿದೆ, ಬೋಲ್ಟು ಮತ್ತು ವಾಲ್ವುಗಳು ಬಾಕಿ.

ಈ ರಿಜಿಸ್ಟರ್‌ನಲ್ಲಿ ಮೊದಲ ಕಾಲಂ ಹೀಟ್ ನಂಬರ್ (ಒಂದೇ ಸಲ ಕರಗಿಸಿದ ಉಕ್ಕಿಗೆ ಮಿಲ್ ಕೊಡುವ ನಂಬರ್) ಅಲ್ಲ, ಪೀಸ್ ನಂಬರ್ (ಪ್ರತಿ ತುಂಡಿನದು). ಒಂದೇ ಹೀಟಿನ ಉಕ್ಕಿನಿಂದ ಹಲವು ಪೈಪುಗಳು, ಕೆಲವೊಮ್ಮೆ ಬೇರೆ ಬೇರೆ ಸೈಜಿನವೂ ಬರುತ್ತವೆ. ಹೀಟ್ ಟ್ರೀಟ್‌ಮೆಂಟ್ ಮಾತ್ರ ಬೇರೆ ಬೇರೆ ಲಾಟ್‌ನಲ್ಲಿ ಆಗಿರುತ್ತದೆ. ಪಿ22ಕ್ಕಿಂತ ಪಿ91ಗೆ ಇದು ಹೆಚ್ಚು ಮುಖ್ಯ. ಅದನ್ನು 1040–1080 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾರ್ಮಲೈಸ್ ಮಾಡಿ (ಕಾಯಿಸಿ ಗಾಳಿಯಲ್ಲಿ ಆರಿಸಿ), 730–800ರಲ್ಲಿ ಟೆಂಪರ್ ಮಾಡಿರಬೇಕು (ಮತ್ತೆ ಕಾಯಿಸಿರಬೇಕು). ಅದು ತಪ್ಪಿದ್ದರೆ ರಾಸಾಯನಿಕ ಅಂಶಗಳೆಲ್ಲ ಸರಿಯಾಗಿದ್ದರೂ ಬಿಸಿಯಲ್ಲಿ ಭಾರ ಹೊರುವ ಶಕ್ತಿ ಇರುವುದಿಲ್ಲ. ಲೋಹದಲ್ಲಿ ಯಾವ ಅಂಶ ಎಷ್ಟಿದೆ ಎಂದು ನೋಡುವ ಪಿಎಂಐ (ಪಾಸಿಟಿವ್ ಮೆಟೀರಿಯಲ್ ಐಡೆಂಟಿಫಿಕೇಶನ್) ಗನ್‌ಗೆ ಈ ದೋಷ ಕಾಣುವುದೇ ಇಲ್ಲ. ಹಾಗಾಗಿ ಪ್ರತಿ ಪಿ91 ಪೀಸಿಗೂ ಹೀಟ್ ಟ್ರೀಟ್‌ಮೆಂಟ್ ಲಾಟ್ ಮತ್ತು ಹಾರ್ಡ್‌ನೆಸ್ ಎಂಬ ಎರಡು ಕಾಲಂ ಇವೆ. ನಮ್ಮ ಮಿತಿ 190–250 ಬ್ರಿನೆಲ್ (ಗಡಸುತನದ ಅಳತೆ). ಪೋರ್ಟಬಲ್ ಟೆಸ್ಟರ್‌ನಲ್ಲಿ 190ಕ್ಕಿಂತ ಕಡಿಮೆ ಬಂದ ಕೂಡಲೇ ಪೈಪ್ ತಿರಸ್ಕರಿಸುವಂತಿಲ್ಲ. ಮೇಲ್ಪದರದಲ್ಲಿ ಕಾರ್ಬನ್ ಸುಟ್ಟುಹೋಗಿರುವುದರಿಂದ ಆ ಪದರ ಮೆತ್ತಗಿರುತ್ತದೆ. ಗೋಡೆಯ ದಪ್ಪ ಕನಿಷ್ಠ ಮಿತಿಗಿಂತ ಇಳಿಯದಂತೆ ನೋಡಿಕೊಂಡು ಅರ್ಧ ಮಿ.ಮೀ.ಯಷ್ಟು ಗ್ರೈಂಡ್ ಮಾಡಿ, ನಯಗೊಳಿಸಿ, ಮತ್ತೆ ಅಳೆಯಬೇಕು. ಆಗಲೂ ಕಡಿಮೆ ಬಂದರೆ ಪೈಪನ್ನು ಬದಿಗಿಟ್ಟು ಮೆಟಲರ್ಜಿಸ್ಟ್‌ಗೆ ತೋರಿಸಬೇಕು.

ಮಾಲು ಬಂದಾಗ ನೋಡುವುದು ಇಷ್ಟು: ಸರ್ಟಿಫಿಕೇಟ್ ಇಎನ್ 10204 ಎಂಬ ಯುರೋಪಿಯನ್ ಮಾನದಂಡದ 3.1 ಬಗೆಯದಾಗಿರಬೇಕು, ಮಿಲ್‌ನದೇ ಆಗಿರಬೇಕು. 2.2 ಬಂದರೆ ವಾಪಸ್, ಏಕೆಂದರೆ ಅದರಲ್ಲಿರುವ ಅಂಕಿಗಳು ಇದೇ ಮಾಲಿನ ಪರೀಕ್ಷೆಯವು ಆಗಿರಬೇಕೆಂದಿಲ್ಲ. ಸ್ಟಾಕಿಸ್ಟ್ ತನ್ನ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿದ ಪ್ರತಿಯೂ ಬೇಡ. 8 ಮತ್ತು ಬಿ, 0 ಮತ್ತು ಓ ಅದಲುಬದಲಾಗುವುದು ಅಲ್ಲೇ. ಹೀಟ್ ನಂಬರನ್ನು ಒಬ್ಬರು ಪೈಪ್ ಮೇಲಿಂದ ಓದುತ್ತಾರೆ, ಇನ್ನೊಬ್ಬರು ಸರ್ಟಿಫಿಕೇಟ್ ನೋಡದೆ ಬರೆದುಕೊಳ್ಳುತ್ತಾರೆ, ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ. ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ಓದಿದರೆ ಕಣ್ಣು ಅದರಲ್ಲಿರುವುದನ್ನೇ ಪೈಪಿನ ಮೇಲೂ ಕಾಣುತ್ತದೆ. ಸ್ಟೀಮ್ ಲೈನ್ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ವ್ಯಾಪ್ತಿಗೆ ಬರುವುದರಿಂದ ಪೈಪಿಗೆ ಫಾರ್ಮ್ 3-ಎ, ಫಿಟ್ಟಿಂಗ್ ಮತ್ತು ವಾಲ್ವುಗಳಿಗೆ 3-ಸಿ ಕೂಡ ಬೇಕು. ಕರ್ನಾಟಕದಲ್ಲಿ ಇವು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಮುಂದೆ ಹೋಗುವ ಕಾಗದಗಳು. ಫಾರ್ಮಿನ ಹೀಟ್ ನಂಬರ್, ಸರ್ಟಿಫಿಕೇಟಿನ ಹೀಟ್ ನಂಬರ್, ಪೈಪ್ ಮೇಲಿನ ಪಂಚ್ ಮೂರೂ ಒಂದೇ ಇರಬೇಕು.

ಪಿಎಂಐಗೆ ನಾವು ಬಳಸುವುದು ಎಕ್ಸ್‌ರೇಯಿಂದ ಅಂಶಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಗನ್. ಶಿಫ್ಟ್ ಶುರುವಾದಾಗ ಗೊತ್ತಿರುವ ಗ್ರೇಡಿನ ಸ್ಯಾಂಪಲ್ ಮೇಲೆ ರೀಡಿಂಗ್ ತೆಗೆದು ನೋಡಬೇಕು. ಪೈಪಿನ ವಾರ್ನಿಶ್, ಸ್ಕೇಲ್ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಬೇಕು. ಗನ್ನಿನ ಪರದೆಯಲ್ಲಿ ಮೂಡುವ ಗ್ರೇಡ್ ಹೆಸರನ್ನು ನಂಬಿ ‘ಓಕೆ’ ಎಂದು ಬರೆಯುವುದನ್ನು ನಿಲ್ಲಿಸಿದ್ದೇವೆ, ಅಂಕಿಗಳನ್ನೇ ಬರೆಯುತ್ತೇವೆ. ಪಿ11ರಲ್ಲಿ ಕ್ರೋಮಿಯಂ 1.00–1.50 (ಇಲ್ಲಿಂದ ಮುಂದೆ ಅಂಶಗಳ ಅಂಕಿಗಳೆಲ್ಲ ಶೇಕಡಾದಲ್ಲಿ), ಪಿ22ರಲ್ಲಿ 1.90–2.60, ಇವೆರಡು ಸುಲಭ. ಕಷ್ಟ ಇರುವುದು ಎ335ರದೇ ಇನ್ನೊಂದು ಗ್ರೇಡ್ ಪಿ9 ಮತ್ತು ಪಿ91ರಲ್ಲಿ. ಪಿ9ರ ಕ್ರೋಮಿಯಂ 8–10, ಮಾಲಿಬ್ಡಿನಂ 0.90–1.10, ಪಿ91ರದು 8.00–9.50 ಮತ್ತು 0.85–1.05. ಈ ಎರಡನ್ನು ಬೇರ್ಪಡಿಸುವುದು ವನೇಡಿಯಂ (0.18–0.25) ಮತ್ತು ನಿಯೋಬಿಯಂ (0.06–0.10). ಇಷ್ಟು ಸಣ್ಣ ಪ್ರಮಾಣ ಸರಿಯಾಗಿ ಸಿಗಬೇಕಾದರೆ ಟ್ರಿಗರ್ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಅವಸರ ಮಾಡುವವರಿಗೆ ಪಿ9 ಕೂಡ ಪಿ91 ಆಗಿಯೇ ಕಾಣುತ್ತದೆ. ಕಾರ್ಬನ್ ಈ ಗನ್ನಿಗೆ ಕಾಣದು. ಸ್ಟೇನ್‌ಲೆಸ್ ಲೈನಿನಲ್ಲಿ 316 ಯಾವುದು, 316ಎಲ್ ಯಾವುದು ಎಂದು ತಿಳಿಯಲು ಸ್ಪಾರ್ಕ್ ಹಾಕಿ ಅದರ ಬೆಳಕಿನಿಂದ ಅಂಶಗಳನ್ನು ಅಳೆಯುವ ಓಇಎಸ್‌ನಂಥ ಯಂತ್ರ ಬೇಕು. ಸ್ಪಾರ್ಕ್ ಕಲೆಯನ್ನು ಆಮೇಲೆ ಉಜ್ಜಿ ತೆಗೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೊಂಡಿ ಕಳಚುವುದು ಗರಗಸದ ಹತ್ತಿರ. ಮಿಲ್‌ನ ಮಾರ್ಕಿಂಗ್ ಪೈಪಿನ ಒಂದು ತುದಿಯ ಬಳಿ ಮಾತ್ರ ಇದ್ದರೆ, ಆರು ಮೀಟರಿನ ಪೈಪನ್ನು ನಾಲ್ಕು ತುಂಡು ಮಾಡಿದಾಗ ಮೂರು ತುಂಡುಗಳಿಗೆ ಗುರುತೇ ಇರುವುದಿಲ್ಲ. ನಮ್ಮ ನಿಯಮ: ಅಳತೆ ಗೆರೆ ಹಾಕಿ, ಪ್ರತಿ ತುಂಡಿನ ಮೇಲೂ ಹೀಟ್ ನಂಬರ್ ಮತ್ತು ಪೀಸ್ ನಂಬರ್ ಪಂಚ್ ಮಾಡಿ, ಇನ್‌ಸ್ಪೆಕ್ಟರ್ ನೋಡಿ ಸಹಿ ಹಾಕಿದ ಮೇಲೆಯೇ ಗರಗಸ. ಪಂಚ್ ಮೊನಚಾಗಿರಬಾರದು, ಲೋ ಸ್ಟ್ರೆಸ್ ಡಾಟ್ ಪಂಚೇ ಬೇಕು. ಬೆವೆಲ್‌ನಿಂದ (ವೆಲ್ಡ್‌ಗಾಗಿ ಓರೆ ಮಾಡಿದ ತುದಿಯಿಂದ) ದೂರ ಹಾಕಬೇಕು. ಹತ್ತಿರ ಹಾಕಿದ್ದು ವೆಲ್ಡ್ ಗ್ರೈಂಡಿಂಗ್‌ನಲ್ಲಿ ಅಳಿಸಿಹೋಗುತ್ತದೆ. ಬರೀ ಪೇಂಟ್ ಮಾರ್ಕರ್ ನಂಬಿದರೆ ವೆಲ್ಡ್ ಆದ ಮೇಲಿನ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಸುಟ್ಟುಹೋಗುತ್ತದೆ. ಗುರುತಿಲ್ಲದ ಆಫ್‌ಕಟ್ (ಕತ್ತರಿಸಿ ಉಳಿದ ತುಂಡು) ಸ್ಕ್ರಾಪ್‌ಗೆ. ಗನ್ ಇಟ್ಟು ನೋಡಿ ಬಳಸೋಣ ಎನ್ನುವವರು ಇದ್ದೇ ಇರುತ್ತಾರೆ. ಗನ್ ಗ್ರೇಡ್ ಹೇಳೀತು, ಹೀಟ್ ಹೇಳದು. ಡ್ರೈನ್ ನಿಪಲ್, ವೆಲ್ಡೋಲೆಟ್, ಥರ್ಮೋವೆಲ್‌ಗಳಂಥ ಸಣ್ಣವೇ ಹೆಚ್ಚಾಗಿ ತಪ್ಪಿಹೋಗುತ್ತವೆ. ಅವಕ್ಕೆ ಸ್ಟೀಲ್ ಟ್ಯಾಗ್ ಕಟ್ಟಿ, ಜಾಯಿಂಟ್ ನಂಬರ್ ಬರೆದ ಸ್ಲಿಪ್ ಇದ್ದರೆ ಮಾತ್ರ ಸ್ಟೋರ್‌ನಿಂದ ಕೊಡುತ್ತೇವೆ.

ಇಷ್ಟು ಬಿಗಿ ಬೇಕೇ ಎಂದು ಫಿಟ್ಟರ್‌ಗಳು ಕೇಳಿದಾಗ ತೋರಿಸುವುದು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯ ತನಿಖಾ ವರದಿ. 2005ರ ಜುಲೈ 28ರಂದು ಭಾರೀ ಎಣ್ಣೆಯನ್ನು ಹೈಡ್ರೋಜನ್‌ನಿಂದ ಸಂಸ್ಕರಿಸುವ ಅಲ್ಲಿನ ರೆಸಿಡ್ ಹೈಡ್ರೋಟ್ರೀಟರ್ ಘಟಕದಲ್ಲಿ 8 ಇಂಚಿನ ಎಲ್ಬೋ ಒಡೆದು ದೊಡ್ಡ ಬೆಂಕಿ ಹತ್ತಿತು. ಅದೇ ವರ್ಷದ ಮೊದಲಲ್ಲಿ ಮೇಂಟೆನೆನ್ಸ್‌ಗಾಗಿ ಬಿಚ್ಚಿದ ಎಲ್ಬೋಗಳನ್ನು ಮರಳಿ ಜೋಡಿಸುವಾಗ ಅಲಾಯ್ ಇರಬೇಕಾದ ಜಾಗಕ್ಕೆ ಕಾರ್ಬನ್ ಸ್ಟೀಲ್ ಎಲ್ಬೋ ಹೋಗಿತ್ತು. ನೋಡಲು ಎರಡೂ ಒಂದೇ. ಬಿಸಿ ಹೈಡ್ರೋಜನ್ ಕೆಲವೇ ತಿಂಗಳಲ್ಲಿ ಅದನ್ನು ತಿಂದುಹಾಕಿತ್ತು. ಹಾಗಾಗಿ ನಮ್ಮ ರಿಜಿಸ್ಟರ್‌ನಲ್ಲಿ ಪೀಸ್ ನಂಬರ್ ಐಸೋಮೆಟ್ರಿಕ್ ಡ್ರಾಯಿಂಗ್ (ಪೈಪ್ ಲೈನಿನ ಮೂರು ಆಯಾಮದ ನಕ್ಷೆ) ಮೇಲೂ ಕೂರುತ್ತದೆ. ಮುಂದೆ ಬಿಚ್ಚುವವರಿಗೆ ಯಾವ ತುಂಡು ಎಲ್ಲಿಯದೆಂದು ತಿಳಿಯಬೇಕು.

ವೆಲ್ಡಿಂಗ್ ದಾಖಲೆಯಲ್ಲಿ ಪ್ರತಿ ಜಾಯಿಂಟಿಗೂ ಎರಡೂ ಬದಿಯ ಪೀಸ್ ನಂಬರ್, ಫಿಲ್ಲರ್‌ನ (ವೆಲ್ಡ್‌ಗೆ ಕರಗಿಸಿ ತುಂಬುವ ತಂತಿಯ) ಬ್ಯಾಚ್ ನಂಬರ್ ಇವೆ: ಪಿ91ಗೆ ಇಆರ್90ಎಸ್-ಬಿ9, ಪಿ22ಗೆ ಇಆರ್90ಎಸ್-ಬಿ3, ಪಿ11ಗೆ ಇಆರ್80ಎಸ್-ಬಿ2. ವೆಲ್ಡ್ ಮೇಲಿನ ಪಿಎಂಐಯನ್ನು ಹೀಟ್ ಟ್ರೀಟ್‌ಮೆಂಟ್‌ಗೆ ಮೊದಲೇ ಮಾಡುತ್ತೇವೆ. ತಪ್ಪು ಫಿಲ್ಲರ್ ಸಿಕ್ಕರೆ ಕತ್ತರಿಸಬೇಕಾದ ಜಾಯಿಂಟನ್ನು ಕಾಯಿಸಿ ಪ್ರಯೋಜನವಿಲ್ಲ.

ಮುಂದಿನದು ಸ್ಟಡ್ ಬೋಲ್ಟ್. ಎಎಸ್‌ಟಿಎಂ ಎ193ರ ಬಿ7 ಮತ್ತು ಬಿ16 ಗ್ರೇಡ್ ಎರಡಕ್ಕೂ ಕ್ರೋಮಿಯಂ ಹೆಚ್ಚುಕಡಿಮೆ ಒಂದೇ. ಬಿ16ರಲ್ಲಿ ಮಾಲಿಬ್ಡಿನಂ 0.50–0.65, ಜೊತೆಗೆ ವನೇಡಿಯಂ ಇರುತ್ತದೆ. ಬಿ7ರ ಮಾಲಿಬ್ಡಿನಂ 0.15–0.25. ತುದಿಯ ಮಾರ್ಕ್ ಓದಿ, ಗನ್ ಇಟ್ಟು, ಎರಡನ್ನೂ ಬೇರೆ ಬೀಗದ ಪೆಟ್ಟಿಗೆಗೆ ಹಾಕಿದ ಮೇಲೆ ವಾಲ್ವುಗಳ ಬಾಡಿ, ಬಾನೆಟ್ ಶುರು.