ಓಕ್ ಪೆಟ್ಟಿಗೆಯ ಎಡಿಸನ್ ಸ್ಟ್ಯಾಂಡರ್ಡ್

ನಿನ್ನ ಹಳೇ ಫೋನೋಗ್ರಾಫ್‌ಗಳಲ್ಲಿ (ತಟ್ಟೆಯ ಬದಲು ಸಿಲಿಂಡರ್‌ನಿಂದ ಹಾಡು ಕೇಳಿಸುವ ಯಂತ್ರಗಳಲ್ಲಿ) ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟುಬಿಡು ಅಂದರೆ ಯಾವುದನ್ನು ಉಳಿಸಿಕೊಳ್ತೀಯ ಅಂತ ಗೆಳತಿಯೊಬ್ಬಳು ಕೇಳಿದಳು. ನನಗೆ ಯೋಚನೆಯೇ ಬೇಕಾಗಲಿಲ್ಲ. ಎಡಿಸನ್ ಸ್ಟ್ಯಾಂಡರ್ಡ್, ಮಾಡೆಲ್ ಎ. ಅವಳು ಕಣ್ಣರಳಿಸಿ ನೋಡಿದಳು. ಯಾಕಂದ್ರೆ ನನ್ನ ಕಪಾಟಿನಲ್ಲಿ ಅದಕ್ಕಿಂತ ಮುದ್ದಾದವು ಇವೆ, ಅದಕ್ಕಿಂತ ಗಟ್ಟಿಯಾಗಿ ಹಾಡುವುದೂ ಇದೆ. ಆದರೂ ಇದೇ ಯಾಕೆ ಅಂತ ಅವತ್ತು ಅರ್ಧ ಹೇಳಿದ್ದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ನ್ಯೂಜೆರ್ಸಿಯ ಎಡಿಸನ್ ಎಂಬ ಊರಿನಲ್ಲಿ. ಓಕ್ ಟ್ರೀ ರಸ್ತೆಯ ಅಂಗಡಿ ಸಾಲು ಇಲ್ಲಿಗೆ ಬಂದುಹೋದ ಕನ್ನಡಿಗರಿಗೆಲ್ಲ ಗೊತ್ತು. ಮೊದಲು ಇದಕ್ಕೆ ರಾರಿಟನ್ ಟೌನ್‌ಶಿಪ್ ಅಂತ ಹೆಸರಿತ್ತು. 1954ರಲ್ಲಿ ಎಡಿಸನ್ ಆಯಿತು. ಇದೇ ಊರಿನ ಮೆನ್ಲೋ ಪಾರ್ಕ್‌ನಲ್ಲಿ 1877ರಲ್ಲಿ ಥಾಮಸ್ ಎಡಿಸನ್ ತವರದ ತೆಳು ಹಾಳೆಯನ್ನು ಒಂದು ಉರುಳೆಗೆ ಸುತ್ತಿ, ಅದಕ್ಕೆ ಮಾತಾಡಿ, ಆ ಮಾತನ್ನೇ ಮತ್ತೆ ಕೇಳಿಸಿದ. ಆಮೇಲೆ ಅವನ ಪ್ರಯೋಗಾಲಯ ವೆಸ್ಟ್ ಆರೆಂಜ್‌ಗೆ ಹೋಯಿತು. ಕಾರ್ಖಾನೆಯೂ ಅಲ್ಲೇ ಎದ್ದಿತು. ನನ್ನ ಪೆಟ್ಟಿಗೆಯ ಲೋಹದ ಪಟ್ಟಿಯ ಮೇಲೆ ಆರೆಂಜ್, ನ್ಯೂಜೆರ್ಸಿ ಅಂತಲೇ ಇದೆ. ನೂರು ವರ್ಷಕ್ಕೂ ಹಿಂದೆ ಹುಟ್ಟಿದ ಜಾಗದಿಂದ ಅದು ಜಾಸ್ತಿ ದೂರ ಹೋಗಿಲ್ಲ. ಅದು ನನಗೆ ಬಹಳ ಖುಷಿ ಕೊಡುವ ವಿಷಯ.

ಸ್ಟ್ಯಾಂಡರ್ಡ್ ಮೊದಲು ಬಂದದ್ದು 1898ರಲ್ಲಿ. ಆಗಿನ ಬೆಲೆ 20 ಡಾಲರ್. ಓಕ್ ಮರದ ಸಣ್ಣ ಪೆಟ್ಟಿಗೆ, ಮೇಲೆ ಮುಚ್ಚಳ, ಮುಚ್ಚಳಕ್ಕೆ ಹಿಡಿ. ಮುಚ್ಚಳ ಹಾಕಿಬಿಟ್ಟರೆ ಹೊಲಿಗೆ ಯಂತ್ರ ಅಂದುಕೊಳ್ಳುತ್ತಾರೆ. ತೆಗೆದರೆ ಮೇಲ್ಗಡೆ ಮೊನೆಯ ಕಡೆ ಸಣ್ಣಗಾಗುವ, ನಿಕಲ್ ಲೇಪದ ಉರುಳೆ. ಹಾಡು ಕೊರೆದ ಮೇಣದ ಸಿಲಿಂಡರನ್ನು, ಅಂದರೆ ಒಳಗೆ ಟೊಳ್ಳಾದ ಕೊಳವೆಯನ್ನು, ಬಲಗಡೆಯ ಗೇಟು ತೆರೆದು ಅದಕ್ಕೆ ತೊಡಿಸಬೇಕು. ಪಕ್ಕದ ಹಿಡಿಯಿಂದ ಕೀ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಒಂದು ಚರ್ಮದ ಬೆಲ್ಟು ಉರುಳೆಯನ್ನು ನಿಮಿಷಕ್ಕೆ 160 ಸುತ್ತು ತಿರುಗಿಸುತ್ತದೆ. ವಿದ್ಯುತ್ ಬೇಡ, ಏನೂ ಬೇಡ.

ಈಗ ನನಗೆ ತುಂಬ ಇಷ್ಟವಾದ ಭಾಗ. ನಾವು ನೋಡಿರುವ ತಟ್ಟೆಯ ಗ್ರಾಮಫೋನಿನಲ್ಲಿ ಮುಳ್ಳನ್ನು ಒಳಗೆ ಎಳೆದುಕೊಂಡು ಹೋಗುವುದು ತಟ್ಟೆಯ ಗೆರೆಯೇ, ಅಲ್ವಾ? ಇದರಲ್ಲಿ ಹಾಗಲ್ಲ. ಉರುಳೆಯ ಹಿಂದೆ ಒಂದು ಉದ್ದನೆಯ ತಿರುಪು ಇದೆ. ಅದರ ಮೇಲೆ ಇಂಚಿಗೆ 100 ಎಳೆ. ಧ್ವನಿ ಹೊರಡಿಸುವ ರಿಪ್ರೊಡ್ಯೂಸರ್ ಕುಳಿತ ತೋಳು ಈ ತಿರುಪಿನ ಮೇಲೆ ಸವಾರಿ ಮಾಡುತ್ತದೆ. ಉರುಳೆ ಒಂದು ಸುತ್ತು ತಿರುಗಿದರೆ ತೋಳು ಇಂಚಿನ ನೂರನೇ ಒಂದು ಭಾಗ ಸರಿಯುತ್ತದೆ. ಅಂದರೆ ಯಂತ್ರಕ್ಕೆ ತಾನು ಎಲ್ಲಿ ಹೋಗಬೇಕು ಅಂತ ತನಗೇ ಗೊತ್ತು. ಸಿಲಿಂಡರಿನ ಮೇಲೆ ಗೆರೆ ಇರಲೇಬೇಕು ಅಂತಿಲ್ಲ.

ಗೆರೆ ಇರಲೇಬೇಕು ಅಂತಿಲ್ಲ ಅಂದಮೇಲೆ ಖಾಲಿ ಸಿಲಿಂಡರ್ ಹಾಕಬಹುದು. ರಿಪ್ರೊಡ್ಯೂಸರ್ ತೆಗೆದು ಅದೇ ಜಾಗಕ್ಕೆ ರೆಕಾರ್ಡರ್ ಕೂರಿಸಬಹುದು. ಎದುರು ನಿಂತು ಮಾತಾಡಬಹುದು, ಹಾಡಬಹುದು. ಚೂಪಾದ ಸಫೈರ್ ಮೊನೆ ಮೇಣವನ್ನು ಕೊರೆಯುತ್ತಾ ಹೋಗುತ್ತದೆ. ಧ್ವನಿಯ ಅಲೆ ಒತ್ತಿದಾಗ ಆಳ, ಸಡಿಲಿದಾಗ ಮೇಲೆ. ಗೆರೆಯ ತಳ ಏರಿಳಿಯುವ ದಾರಿಯಾಗುತ್ತದೆ. ಇಷ್ಟವಾಗದಿದ್ದರೆ ನನ್ನ ಮಾಡೆಲ್ಲಿನಲ್ಲೇ ಇರುವ ಸಣ್ಣ ಹೆರೆಯುವ ಅಲಗಿನಿಂದ ಮೇಣದ ಮೇಲ್ಪದರ ತೆಗೆದು ಮತ್ತೆ ಹೊಸದಾಗಿ ಶುರು ಮಾಡಬಹುದು. ಸ್ಟುಡಿಯೋ ಇಲ್ಲದೆ, ಕಂಪನಿ ಇಲ್ಲದೆ, ಮನೆಯ ಜಗುಲಿಯಲ್ಲಿ ಕೂತು ಒಬ್ಬರ ದನಿ ಹಿಡಿದಿಡುವ ಶಕ್ತಿ ಇದು.

ಅದಕ್ಕೇ ಹಳ್ಳಿ ಹಾಡು ಹುಡುಕಿ ಹೊರಟ ಅನೇಕರು ಇಂಥ ಸಿಲಿಂಡರ್ ಯಂತ್ರಗಳನ್ನು ಹೊತ್ತರು. ಸ್ಟ್ಯಾಂಡರ್ಡ್ ಬರುವ ಮೊದಲೇ, 1890ರಲ್ಲಿ, ಮಾನವಶಾಸ್ತ್ರಜ್ಞ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಮೆರಿಕದ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನರ ಹಾಡು ಮತ್ತು ಕಥೆಗಳನ್ನು ಮೇಣಕ್ಕೆ ಇಳಿಸಿದ. ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ 1906ರಿಂದ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಸುತ್ತಿದ. ಕಲ್ಕತ್ತೆಯ ಉದ್ಯಮಿ ಎಚ್. ಬೋಸ್ ಸಿಲಿಂಡರ್‌ನಲ್ಲಿ ರವೀಂದ್ರನಾಥ ಠಾಕೂರರ ದನಿ ಹಿಡಿದರು. ನಮ್ಮ ಕಡೆ ಮಾತ್ರ ತಟ್ಟೆಯೇ ಗೆದ್ದಿತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ತಟ್ಟೆಗೇ. ತಟ್ಟೆಯಿಂದ ದೊಡ್ಡ ದೊಡ್ಡ ಗಾಯಕರ ದನಿ ಉಳಿಯಿತು, ಅದು ಸಣ್ಣ ಉಪಕಾರವಲ್ಲ. ಆದರೆ ನಮ್ಮ ಅಜ್ಜಿಯಂಥವರನ್ನು ರೆಕಾರ್ಡ್ ಕಂಪನಿ ಯಾಕೆ ಕರೆಯುತ್ತದೆ? ಸಾಗರದ ಹತ್ತಿರ ನಮ್ಮ ಅಜ್ಜಿ ಇಡೀ ಮದುವೆಯ ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಒಂದು ಸಾಲೂ ಎಲ್ಲೂ ಉಳಿದಿಲ್ಲ. ನನಗೆ ಇದು ಈಗಲೂ ನೋವು.

ಅಮ್ಮ ಇಲ್ಲಿಗೆ ಬಂದಿದ್ದಾಗ ಅವರಿಂದ ಒಂದು ಹಸೆ ಹಾಡು ಹಾಡಿಸಿದೆ. ಖಾಲಿ ಕಂದು ಮೇಣದ ಸಿಲಿಂಡರ್‌ಗಳನ್ನು ಇವತ್ತಿಗೂ ಕೈಯಾರೆ ಎರಕ ಹೊಯ್ದು ಮಾರುವ ಹವ್ಯಾಸಿಗಳಿದ್ದಾರೆ. ಮೇಣ ತಣ್ಣಗಿದ್ದರೆ ಕೊರೆತ ಒರಟಾಗುತ್ತದೆ ಅಂತ ಅದನ್ನು ಸ್ವಲ್ಪ ಬೆಚ್ಚಗೆ ಮಾಡಿದೆ. ಅಗಲ ಬಾಯಿಯ ಹಾರ್ನ್ ತೆಗೆದು ರೆಕಾರ್ಡಿಂಗಿಗೆ ಬೇಕಾದ ಉದ್ದನೆಯ ಕಿರಿದು ಹಾರ್ನ್ ಹಾಕಿದೆ. ಅದರೊಳಗೆ ಮುಖ ಇಟ್ಟು ಹಾಡಬೇಕು, ಗಂಟಲು ಬಿಟ್ಟು ಹಾಡಬೇಕು. ಮೆಲ್ಲಗೆ ಹಾಡಿದರೆ ಮೊನೆ ಕದಲುವುದೇ ಇಲ್ಲ. ಅಮ್ಮನಿಗೆ ಅದೇನೂ ಕಷ್ಟವಾಗಲಿಲ್ಲ. ಮೈಕಿಲ್ಲದ ಚಪ್ಪರದಲ್ಲಿ ಹಾಡಿ ಬೆಳೆದ ದನಿ ಅದು. ಎರಡು ನಿಮಿಷಕ್ಕೆ ಸಿಲಿಂಡರ್ ಮುಗಿಯಿತು. ಮೇಣದ ಎಳೆಗಳನ್ನು ಮೆತ್ತನೆ ಬ್ರಷ್‌ನಿಂದ ತೆಗೆದು, ರಿಪ್ರೊಡ್ಯೂಸರ್ ಹಾಕಿ ತಿರುಗಿಸಿದೆ. ಸಕಾರ, ಶಕಾರಗಳು ಹೆಚ್ಚುಕಮ್ಮಿ ಮಾಯವಾಗಿದ್ದವು. ಕೆಳಗಿನ ಸ್ವರ ತೆಳುವಾಗಿತ್ತು. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಅಮ್ಮ ಎಳೆಯುವ ಆ ರಾಗ, ಉಸಿರು ತೆಗೆದುಕೊಳ್ಳುವ ಜಾಗ, ಎಲ್ಲ ಇತ್ತು. ಅಮ್ಮ, "ಇದು ನಮ್ಮಮ್ಮ ಹಾಡಿದ ಹಾಗೇ ಇದೆ" ಅಂದರು. ಫೋನಿನಲ್ಲಿ ಅಮ್ಮನ ಹಾಡು ಎಷ್ಟೋ ಸಲ ರೆಕಾರ್ಡ್ ಮಾಡಿದ್ದೇನೆ. ಅದನ್ನು ಕೇಳಿ ಅವರು ಯಾವತ್ತೂ ಈ ಮಾತು ಹೇಳಿರಲಿಲ್ಲ.

ಎಡಿಸನ್ ಕಂಪನಿಯ ಉಳಿದ ಯಂತ್ರಗಳ ಬಗ್ಗೆ ಎರಡು ಮಾತು. 1899ರ ಜೆಮ್ ಬಲು ಮುದ್ದು, ಆಗ ಏಳೂವರೆ ಡಾಲರ್, ಅಂಗೈ ಮೇಲೆ ಇಟ್ಟು ತೋರಿಸಬೇಕು ಅನ್ನಿಸುತ್ತದೆ. ಆದರೆ ಸ್ಪ್ರಿಂಗ್ ಚಿಕ್ಕದು. ಟ್ರಯಂಫ್‌ಗೆ ಮೂರು ಸ್ಪ್ರಿಂಗ್, ಓಟ ತುಂಬ ಸ್ಥಿರ, ಬೆಲೆಯೂ ತೂಕವೂ ಜಾಸ್ತಿ. 1911ರ ಆಪೆರಾ ನೋಡಿದವರು ಮರೆಯುವುದಿಲ್ಲ. ಮರದ ದೊಡ್ಡ ಹಾರ್ನ್, ಮಹಾಗನಿ ಪೆಟ್ಟಿಗೆ. ಅದರಲ್ಲಿ ರಿಪ್ರೊಡ್ಯೂಸರ್ ನಿಂತಲ್ಲೇ ನಿಲ್ಲುತ್ತದೆ, ಉರುಳೆಯೇ ಸರಿಯುತ್ತದೆ. ಎಡಿಸನ್ ಮಾಡಿದ ಸಿಲಿಂಡರ್ ಯಂತ್ರಗಳಲ್ಲಿ ಇದಕ್ಕಿಂತ ಇಂಪಾದದ್ದನ್ನು ನಾನು ಕೇಳಿಲ್ಲ. ಆದರೆ ಅದು ನಾಲ್ಕು ನಿಮಿಷದ ಸಿಲಿಂಡರ್‌ಗೆ ಮಾತ್ರ. ನನ್ನ ಕಪಾಟಿನ ಆಂಬೆರೋಲಾ 30 ಹಾರ್ನನ್ನು ಹೊಟ್ಟೆಯೊಳಗೆ ಅಡಗಿಸಿಕೊಂಡ 1915ರ ಯಂತ್ರ. ನೀಲಿ ಸೆಲ್ಯುಲಾಯ್ಡ್ ಸಿಲಿಂಡರ್‌ಗಳನ್ನು ಗಟ್ಟಿಯಾಗಿ ನುಡಿಸುತ್ತದೆ. ಅವು ಬಿದ್ದರೂ ಬೇಗ ಒಡೆಯುವುದಿಲ್ಲ. ಆದರೆ ಆ ಹೊತ್ತಿಗೆ ಎಡಿಸನ್ ಕಂಪನಿ ತಟ್ಟೆಯ ರೆಕಾರ್ಡನ್ನು ನುಡಿಸಿ ಅದನ್ನೇ ಸಿಲಿಂಡರಿಗೆ ಇಳಿಸತೊಡಗಿತ್ತು. ಕೇಳಿದರೆ ಗೊತ್ತಾಗುತ್ತದೆ, ಗಾಯಕರು ಒಂದು ಗೋಡೆ ಆಚೆ ಇದ್ದ ಹಾಗೆ. ಅದಕ್ಕೂ ಹೆಚ್ಚಾಗಿ, ಈ ಯಂತ್ರ ಬರೀ ನುಡಿಸುತ್ತದೆ. ನಾವು ಹಾಡಿದರೆ ಅದಕ್ಕೆ ಕಿವಿ ಇಲ್ಲ. 1929ರಲ್ಲಿ ಕಂಪನಿ ಸಿಲಿಂಡರ್ ವ್ಯಾಪಾರವನ್ನೇ ನಿಲ್ಲಿಸಿತು.

ಗೆಳತಿಗೆ ಈಗ ತಾನೂ ಒಂದು ಕೊಳ್ಳುವ ಮನಸ್ಸಾಗಿದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೆಟ್ಟಿಗೆಯ ಹೊಳಪು ನೋಡಿ ಕೊಳ್ಳಬೇಡಿ. ಕೀ ಕೊಟ್ಟು ಓಡಿಸಿ ನೋಡಿ. ಧಡ್ ಅಂತ ಎಗರಿದರೆ ಸ್ಪ್ರಿಂಗಿನ ಗ್ರೀಸ್ ಗಟ್ಟಿಯಾಗಿದೆ. ರಿಪ್ರೊಡ್ಯೂಸರ್ ಒಳಗಿನ ರಬ್ಬರ್ ಉಂಗುರ ಹೆಚ್ಚಾಗಿ ಕಲ್ಲಾಗಿರುತ್ತದೆ. ಹೊಸದು ಹಾಕಿಸಿದರೆ ದನಿ ತೆರೆದುಕೊಳ್ಳುತ್ತದೆ. ಎರಡು ನಿಮಿಷದ ಮೇಣಕ್ಕೆ ಮಾಡೆಲ್ ಸಿ ರಿಪ್ರೊಡ್ಯೂಸರ್, ನಾಲ್ಕು ನಿಮಿಷದ್ದಕ್ಕೆ ಮಾಡೆಲ್ ಎಚ್. ಅದಲು ಬದಲಾದರೆ ಸಿಲಿಂಡರ್ ಹಾಳು. ಮೇಣದ ಸಿಲಿಂಡರನ್ನು ಹೊರಗಿನಿಂದ ಹಿಡಿಯಬೇಡಿ. ಎರಡು ಬೆರಳು ಒಳಗೆ ಹಾಕಿ, ಅಗಲಿಸಿ ಎತ್ತಿ. ತೇವ ತಾಗಿದರೆ ಬೂಷ್ಟು ಮೇಣವನ್ನೇ ತಿನ್ನುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಬಿಡಲೇಬೇಡಿ. ಯಂತ್ರ ಕೊಳ್ಳುವ ಮೊದಲು ಸುಮ್ನೆ ಕೇಳಿ ನೋಡಬೇಕು ಅನ್ನುವವರಿಗೆ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 10,000ಕ್ಕೂ ಹೆಚ್ಚು ಸಿಲಿಂಡರ್‌ಗಳನ್ನು ಉಚಿತವಾಗಿ ಕೇಳಲು ಇಟ್ಟಿದೆ. ಮತ್ತೆ, ಯಂತ್ರದ ಜೊತೆ ರೆಕಾರ್ಡರ್ ಸಿಗುತ್ತದೆಯೇ ಅಂತ ತಪ್ಪದೆ ವಿಚಾರಿಸಿ. ಇಲ್ಲದಿದ್ದರೆ ಬೇರೆಯಾಗಿ ಹುಡುಕಬೇಕು, ಅದು ಸಿಗುವುದು ಕಷ್ಟ.