ಅಮ್ಮನ ಜೊತೆ ಪ್ರಾಗ್‌ನಲ್ಲಿ ನಾಲ್ಕು ದಿನ

ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗುವ ಯೋಚನೆ ಇದ್ದರೆ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ: ಕಡಿಮೆಯೆಂದರೂ ಮೂರು ರಾತ್ರಿ ಅಲ್ಲೇ ತಂಗಬೇಕು. ಪ್ಯಾಕೇಜ್ ಟೂರುಗಳಲ್ಲಿ ವಿಯೆನ್ನಾ, ಬುಡಾಪೆಸ್ಟ್‌ಗಳ ಜೊತೆ ಪ್ರಾಗನ್ನೂ ಸೇರಿಸಿ ಒಂದೂವರೆ ದಿನದಲ್ಲಿ ಮುಗಿಸಿಬಿಡುತ್ತಾರೆ. ನಡುಹಗಲಲ್ಲಿ ಬಸ್ಸಿಂದ ಇಳಿಸುತ್ತಾರೆ, ಆ ಹೊತ್ತಿಗೆ ಹಳೇ ಊರಿನ ಓಣಿಗಳಲ್ಲಿ ದಸರಾ ಮೆರವಣಿಗೆಯಷ್ಟು ಜನ. ಈ ಊರು ನೋಡಲು ಸಿಗುವುದು ಬೆಳಗಿನ ಜಾವ, ಇಲ್ಲವೇ ರಾತ್ರಿ ಎಂಟರ ಮೇಲೆ. ಅಲ್ಲಿ ಮಲಗಿ ಎದ್ದವರಿಗೆ ಮಾತ್ರ ಆ ಹೊತ್ತು ದಕ್ಕುತ್ತದೆ.

ನಾವು ಹೋದದ್ದು ಮೇ ಮೊದಲ ವಾರದಲ್ಲಿ, ನಾನು ಮತ್ತು ಅಮ್ಮ. ಅಮ್ಮನಿಗೆ ಅರವತ್ತೇಳು, ಮಂಡಿನೋವಿದೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಪ್ಯಾರಿಸ್ಸು, ರೋಮು ಬಿಟ್ಟು ಪ್ರಾಗ್ ಯಾಕೆ ಎಂದು ನೆಂಟರೆಲ್ಲ ಕೇಳಿದರು. ಮೈಸೂರಿನವರಾದರೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ: ಜಾವಾ. 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ ಪ್ರಾಗ್‌ನಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಲೈಸೆನ್ಸ್ ಪಡೆದು ಬೈಕು ಮಾಡಲು ಶುರುಮಾಡಿದ. ರೋಮನ್ ಲಿಪಿಯಲ್ಲಿ ತನ್ನ ಮನೆತನದ ಹೆಸರಿನ (Janeček) ಮೊದಲ ಎರಡು ಅಕ್ಷರಕ್ಕೆ ವಾಂಡರರ್‌ನ (Wanderer) ಮೊದಲ ಎರಡು ಅಕ್ಷರ ಸೇರಿಸಿ ಇಟ್ಟ ಹೆಸರು ಅದು. 1960ರ ದಶಕದ ಮೊದಲಲ್ಲಿ ಅದೇ ಬೈಕು ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ ಅದೇ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ನಮ್ಮಪ್ಪ ಕೊನೆಯವರೆಗೂ ಓಡಿಸಿದ್ದು ಜಾವಾ. ಆ ಗಾಡಿ ಹುಟ್ಟಿದ ಊರು ನೋಡಬೇಕು ಅನ್ನುತ್ತಲೇ ಇದ್ದರು. ಅವರಿಗೆ ಆಗಲಿಲ್ಲ, ಅಮ್ಮನನ್ನು ಕರೆದುಕೊಂಡು ನಾನು ಹೋದೆ.

ವೀಸಾ ಷೆಂಗೆನ್‌ನದು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಹಲವು ದೇಶ ಸುತ್ತುವವರು ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕವೇ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, ಬೇಸಿಗೆಗೆ ಹೋಗುವವರು ತಡಮಾಡಬೇಡಿ. ಮೂವತ್ತು ಸಾವಿರ ಯೂರೋ ಖರ್ಚು ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಬೇಕು.

ಉಳಿಯಲು ಹಳೇ ಊರಿನ ನಡುವೆಯೇ ಕೋಣೆ ಬೇಕೆಂದು ಹಟ ಹಿಡಿಯಬೇಡಿ. ನಾವು ನಾಮೆಸ್ತಿ ಮೀರು ಚೌಕದ ಹತ್ತಿರ ಅಡುಗೆಮನೆ ಇರುವ ಪುಟ್ಟ ಮನೆ ಹಿಡಿದೆವು. ವಿಮಾನ ನಿಲ್ದಾಣದಿಂದ 59ನೇ ನಂಬರಿನ ಟ್ರಾಲಿಬಸ್ ಹತ್ತಿ ವೆಲೆಸ್ಲಾವೀನ್‌ನಲ್ಲಿ ಇಳಿದರೆ ಎ ಮಾರ್ಗದ ಮೆಟ್ರೊ ನೇರ ಅಲ್ಲಿಗೆ ತರುತ್ತದೆ. ನಾಮೆಸ್ತಿ ಮೀರು ಮೆಟ್ರೊ ನಿಲ್ದಾಣ ಬಹಳ ಆಳದಲ್ಲಿದೆ, ಎಸ್ಕಲೇಟರೇ 87 ಮೀಟರ್ ಉದ್ದ, ವೇಗವೂ ಜಾಸ್ತಿ. ವಯಸ್ಸಾದವರು ಜೊತೆಗಿದ್ದರೆ ಕೈ ಹಿಡಿದುಕೊಂಡೇ ಹತ್ತಿಸಿ. ನಾವು ಆ ಜಾಗ ಹಿಡಿಯಲು ಮುಖ್ಯ ಕಾರಣ 22ನೇ ನಂಬರಿನ ಟ್ರಾಮ್. ಅದು ಮನೆಯ ಹತ್ತಿರದಿಂದ ಹೊರಟು, ನದಿ ದಾಟಿ, ಕೋಟೆಯ ಗುಡ್ಡದ ಮೇಲಿನವರೆಗೂ ಹೋಗುತ್ತದೆ. ಇಪ್ಪತ್ತನಾಲ್ಕು ಗಂಟೆಯ ಟಿಕೆಟ್ಟೂ ಸಿಗುತ್ತದೆ, ಎಪ್ಪತ್ತೆರಡು ಗಂಟೆಯದೂ ಸಿಗುತ್ತದೆ. ಕಾಗದದ ಟಿಕೆಟ್ ತೆಗೆದುಕೊಂಡರೆ ಮೊದಲ ಸಲ ಹತ್ತಿದಾಗ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ಮುದ್ರೆಯಿಲ್ಲದ ಟಿಕೆಟ್ ಜೇಬಿನಲ್ಲಿದ್ದರೂ ದಂಡ ತಪ್ಪದು.

ದುಡ್ಡಿನ ವಿಷಯದಲ್ಲಿ ನನಗಾದದ್ದು ನಿಮಗಾಗುವುದು ಬೇಡ. ಜೆಕ್ ದೇಶ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿನ ನಾಣ್ಯ ಕೊರುನಾ. ಕಮಿಷನ್ ಇಲ್ಲ ಎಂಬ ಬೋರ್ಡು ನೋಡಿ ಚೌಕದ ಹತ್ತಿರದ ಒಂದು ಅಂಗಡಿಯಲ್ಲಿ ನೂರು ಯೂರೋ ಬದಲಿಸಿದೆ. ಕೈಗೆ ಬಂದದ್ದು ಸರಿಯಾದ ದರಕ್ಕಿಂತ ಬಹಳ ಕಡಿಮೆ. ಅದೃಷ್ಟಕ್ಕೆ ಅಲ್ಲಿನ ಕಾನೂನು ಗ್ರಾಹಕರ ಪರ ಇದೆ: ರಸೀದಿ ಇದ್ದರೆ ಮೂರು ಗಂಟೆಯೊಳಗೆ ವಾಪಸ್ ಹೋಗಿ ವ್ಯವಹಾರ ರದ್ದು ಮಾಡಿಸಬಹುದು, ಸಾವಿರ ಯೂರೋವರೆಗೂ. ನಾವಿದ್ದ ಮನೆಯ ಒಡತಿ ಹೇಳಿದ ಮೇಲೆ ಓಡಿಹೋಗಿ ದುಡ್ಡು ವಾಪಸ್ ತೆಗೆದುಕೊಂಡೆ. ರಸೀದಿ ಎಸೆಯಬೇಡಿ. ಅದಕ್ಕಿಂತ ಬ್ಯಾಂಕಿನ ಎಟಿಎಂನಲ್ಲಿ ಸ್ವಲ್ಪ ನಗದು ತೆಗೆದು, ಉಳಿದದ್ದಕ್ಕೆಲ್ಲ ಕಾರ್ಡು ಬಳಸುವುದೇ ಲೇಸು. ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಯಂತ್ರ ಕೇಳಿದರೆ ಬೇಡ ಅನ್ನಿ.

ಎರಡನೆಯ ದಿನ ಬೆಳಗ್ಗೆ ಐದೂಕಾಲಕ್ಕೇ ಚಾರ್ಲ್ಸ್ ಸೇತುವೆಯ ಮೇಲಿದ್ದೆವು. ಅಷ್ಟು ಬೇಗ ಹೊರಡಿಸಿದ್ದು ಅಮ್ಮನೇ. ರಾಜ ನಾಲ್ಕನೇ ಚಾರ್ಲ್ಸ್ ಈ ಸೇತುವೆಗೆ ಅಡಿಗಲ್ಲು ಹಾಕಿದ್ದು 1357ರ ಏಳನೇ ತಿಂಗಳ 9ನೇ ತಾರೀಕು, ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಎಂದು ಅಲ್ಲಿನವರು ಹೇಳುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷಗಳನ್ನು ಸಾಲಾಗಿ ಬರೆದರೆ 1-3-5-7-9-7-5-3-1. ಆಸ್ಥಾನದ ಜ್ಯೋತಿಷಿಗಳು ಹುಡುಕಿಕೊಟ್ಟ ಗಳಿಗೆಯಂತೆ. ಹಿಂದಿನ ರಾತ್ರಿ ಇದನ್ನು ಹೇಳಿದ್ದೇ ತಡ, "ಹಾಗಿದ್ರೆ ಆ ಹೊತ್ತಿಗೇ ಹೋಗೋಣ ಕಣೇ, ಇವರೂ ಮುಹೂರ್ತ ನೋಡೇ ಗುದ್ದಲಿಪೂಜೆ ಮಾಡಿದ್ದಾರೆ" ಅಂದರು. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದೂ ಸರಿಸುಮಾರು ಅದೇ ಹೊತ್ತಿಗೆ. ವಲ್ತಾವಾ ನದಿಯ ಮೇಲೆ ತೆಳು ಮಂಜು, ಎರಡೂ ಬದಿಗೆ ಮೂವತ್ತು ವಿಗ್ರಹಗಳ ಕಪ್ಪು ನೆರಳು, ದೂರದಲ್ಲಿ ಒಬ್ಬ ಫೋಟೊಗ್ರಾಫರ್. 516 ಮೀಟರ್ ಸೇತುವೆ ಹೆಚ್ಚುಕಡಿಮೆ ನಮ್ಮಿಬ್ಬರದೇ ಆಗಿತ್ತು. ಗಾರೆಗೆ ಮೊಟ್ಟೆ ಬೆರೆಸಿದ್ದರೆಂಬ ಕಥೆಯೂ ಇದೆ. ಹಳೇ ಮನೆಗಳ ಗಾರೆಗೆ ಬೆಲ್ಲ, ಮೊಟ್ಟೆ ಹಾಕುತ್ತಿದ್ದದ್ದನ್ನು ಕೇಳಿ ಬೆಳೆದ ಅಮ್ಮನಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಅದೇ ಸೇತುವೆಗೆ ಹನ್ನೊಂದು ಗಂಟೆಗೆ ಮತ್ತೆ ಬಂದಾಗ ಒಂದು ಹೆಜ್ಜೆಯನ್ನೂ ನಮ್ಮ ಇಷ್ಟಕ್ಕೆ ಇಡಲಾಗಲಿಲ್ಲ.

ಹಳೇ ಊರಿನ ಚೌಕದಲ್ಲಿರುವ ಖಗೋಳ ಗಡಿಯಾರದ ಮುಂದೆ ಪ್ರತಿ ಗಂಟೆಗೂ ಜನ ಮುಗಿಬೀಳುತ್ತಾರೆ. ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಏಸುವಿನ ಹನ್ನೆರಡು ಶಿಷ್ಯರು ಹಾದುಹೋಗುತ್ತಾರೆ, ಒಂದು ನಿಮಿಷದೊಳಗೆ ಮುಗಿಯಿತು. ಜನ ಚದುರುತ್ತಾರೆ. ನೀವು ಚದುರಬೇಡಿ, ನೋಡಬೇಕಾದದ್ದು ಆಮೇಲೆಯೇ ಇದೆ. 1410ರಲ್ಲಿ ಮಾಡಿದ ಈ ಯಂತ್ರ ನಿಜಕ್ಕೂ ಗೋಡೆಗೆ ಹಾಕಿದ ಪಂಚಾಂಗ. ಒಂದು ಮುಳ್ಳಿನ ಮೇಲೆ ಚಿನ್ನದ ಸೂರ್ಯ, ಇನ್ನೊಂದರ ಮೇಲೆ ಅರ್ಧ ಕಪ್ಪು, ಅರ್ಧ ಬೆಳ್ಳಿಯ ಚಂದ್ರ, ತಿಥಿಗೆ ತಕ್ಕಂತೆ ಅದು ಹೊರಳುತ್ತದೆ. ಒಳಗಿನ ಉಂಗುರದಲ್ಲಿ ಹನ್ನೆರಡು ರಾಶಿ. ಎಲ್ಲಕ್ಕಿಂತ ಹೊರಗಿನ ಉಂಗುರದ ಅಂಕಿಗಳು ಸೂರ್ಯಾಸ್ತದಿಂದ ಎಣಿಸುವ ಹಳೇ ಜೆಕ್ ಗಂಟೆಗಳು. ಅಮ್ಮ ಕತ್ತೆತ್ತಿ ಹತ್ತು ನಿಮಿಷ ನೋಡಿದರು. "ನಮ್ಮಲ್ಲಿ ಇನ್ನೂ ಸೂರ್ಯ ಮೇಷದಲ್ಲೇ ಇದಾನೆ, ಇದು ಆಗಲೇ ವೃಷಭ ತೋರಿಸ್ತಿದೆಯಲ್ಲೇ!" ಅವರು ಹೇಳಿದ್ದು ಸರಿ. ಯೂರೋಪಿನವರದು ಸಾಯನ ಲೆಕ್ಕ, ವಸಂತ ವಿಷುವದಿಂದ, ಅಂದರೆ ಹಗಲು ರಾತ್ರಿ ಸಮವಾಗುವ ಮಾರ್ಚಿನ ದಿನದಿಂದ ಎಣಿಸುತ್ತಾರೆ. ನಮ್ಮ ಪಂಚಾಂಗದ್ದು ನಕ್ಷತ್ರ ಹಿಡಿದು ಎಣಿಸುವ ನಿರಯಣ. ಎರಡರ ನಡುವೆ ಈಗ ಸುಮಾರು ಇಪ್ಪತ್ತನಾಲ್ಕು ಡಿಗ್ರಿ ಅಂತರ. ಗಡಿಯಾರದ ಪಕ್ಕದ ನೆಲಹಾಸಿನಲ್ಲಿ ಇಪ್ಪತ್ತೇಳು ಬಿಳಿ ಶಿಲುಬೆಗಳಿವೆ, 1621ರಲ್ಲಿ ಅಲ್ಲಿ ಮರಣದಂಡನೆಗೆ ಗುರಿಯಾದ ಬಂಡಾಯಗಾರರ ನೆನಪಿಗೆ. ಜನ ತಿಳಿಯದೆ ತುಳಿದು ಓಡಾಡುತ್ತಿರುತ್ತಾರೆ.

ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತಬೇಡಿ. ಟ್ರಾಮಿನಲ್ಲಿ ಪೊಹೋರ್ಜೆಲೆತ್ಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಇಳಿಜಾರಿನಲ್ಲಿ ಕೋಟೆಯ ಮುಂಬಾಗಿಲಿಗೆ ಬನ್ನಿ. ಕೋಟೆ ನೋಡಿಕೊಂಡು ನೆರುದೋವಾ ಬೀದಿಯಲ್ಲಿ ಇಳಿದು ಕೋಟೆಯ ಕೆಳಗಿನ ಮಾಲಾ ಸ್ತ್ರಾನಾ ಬಡಾವಣೆ ಸೇರಿದರೆ ಇಡೀ ದಿನ ಇಳಿಯುವುದೇ ಹೊರತು ಹತ್ತುವುದಿಲ್ಲ. ಮಂಡಿನೋವಿನವರು ಇಳಿಜಾರಿಗೂ ಒಂದು ಕೋಲು ಇಟ್ಟುಕೊಳ್ಳಿ. ಅಂಗಳಗಳಿಗೆ ಟಿಕೆಟ್ ಬೇಡ. ಒಳಗಿನ ಕಟ್ಟಡಗಳಿಗೆ ತೆಗೆದುಕೊಂಡ ಟಿಕೆಟ್ ಎರಡು ದಿನ ನಡೆಯುತ್ತದೆ, ದಣಿದರೆ ಉಳಿದದ್ದನ್ನು ಮರುದಿನಕ್ಕಿಡಿ. ಸೇಂಟ್ ವೀಟಸ್ ಚರ್ಚು 1344ರಲ್ಲಿ ಶುರುವಾಗಿ ಮುಗಿದದ್ದು 1929ರಲ್ಲಿ, ಅಂದರೆ ಜಾವಾ ಹುಟ್ಟಿದ ವರ್ಷ. ಜೆಕ್ ಕಲಾವಿದ ಅಲ್ಫೋನ್ಸ್ ಮುಖಾ ರಚಿಸಿದ ಬಣ್ಣದ ಗಾಜಿನ ಕಿಟಕಿ ಒಳಹೊಕ್ಕಾಗ ಎಡಕ್ಕಿದೆ. ಹಳೇ ಅರಮನೆಯಲ್ಲಿ 1618ರಲ್ಲಿ ರಾಜನ ಕಡೆಯ ಮೂವರನ್ನು ಹೊರಗೆಸೆದ ಕಿಟಕಿ ಇದೆ. ಬಿದ್ದವರು ಮೂವರೂ ಬದುಕಿದರು, ಆದರೆ ಅದರಿಂದ ಹೊತ್ತಿಕೊಂಡ ಯುದ್ಧ ಮೂವತ್ತು ವರ್ಷ ನಡೆಯಿತು. ಚಿನ್ನದ ಓಣಿಯ ಪುಟ್ಟ ಮನೆಗಳು ಚೆನ್ನಾಗಿವೆ, ಆದರೆ ಹೊತ್ತಿಲ್ಲದಿದ್ದರೆ ಬಿಡಬಹುದು.

ಯೋಸೆಫೋವ್, ಅಂದರೆ ಹಳೇ ಯೆಹೂದಿ ಕೇರಿಯನ್ನು ಬಿಡಬೇಡಿ. ಅಲ್ಲಿನ ಸಿನಗಾಗ್‌ಗಳು, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಗಳು, ಶನಿವಾರ ಮುಚ್ಚಿರುತ್ತವೆ, ಅದಕ್ಕೆ ತಕ್ಕಂತೆ ದಿನ ಹೊಂದಿಸಿಕೊಳ್ಳಿ. ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳಿಗೆ ಬಲಿಯಾದ ಸುಮಾರು 78 ಸಾವಿರ ಬೊಹೀಮಿಯಾ, ಮೊರಾವಿಯಾ ಎಂಬ ಜೆಕ್ ಪ್ರಾಂತ್ಯಗಳ ಯೆಹೂದಿಗಳ ಹೆಸರನ್ನು ಕೈಯಲ್ಲೇ ಬರೆದಿದ್ದಾರೆ. ಮೊದಲು ಅದು ಬರೀ ಸಣ್ಣ ಚಿತ್ತಾರದಂತೆ ಕಾಣುತ್ತದೆ. ಹತ್ತಿರ ಹೋದಾಗ ಒಂದೇ ಮನೆತನದ ಹೆಸರುಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತವೆ. ಮಹಡಿಯ ಮೇಲೆ ತೆರೆಜೀನ್ ಸೆರೆಯಲ್ಲಿದ್ದ ಮಕ್ಕಳು ಬರೆದ ಚಿತ್ರಗಳು: ಮನೆ, ಚಿಟ್ಟೆ, ಹೂವು. ಅಮ್ಮ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಹೊರಗೆ ಬಂದು ಬೆಂಚಿನ ಮೇಲೆ ಕೂತವರು ಅರ್ಧ ಗಂಟೆ ಮಾತಾಡಲಿಲ್ಲ. ಆ ಮಧ್ಯಾಹ್ನಕ್ಕೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ.

ಊಟದ ಮಾತು. ಮಾಂಸವಿಲ್ಲದ್ದು ಬೇಕು ಅನ್ನಲು "ಬೆಜ್ ಮಾಸಾ" ಎಂದರೆ ಸಾಕು. ಆದರೆ ಕರಿದ ಚೀಸ್, ಬ್ರಾಂಬೊರಾಕ್ ಎಂಬ ಆಲೂಗಡ್ಡೆ ದೋಸೆ ಎರಡರಲ್ಲೂ ಮೊಟ್ಟೆ ಇರುತ್ತದೆ, ಸೂಪಿಗೆ ಮಾಂಸದ ನೀರು ಬಳಸಿರಬಹುದು, ಕೇಳಿಯೇ ತೆಗೆದುಕೊಳ್ಳಿ. ನಾವು ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ತಿಳಿಸಾರು ಮಾಡಿಕೊಂಡೆವು. ಊರಿಂದ ರವೆ, ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡದಂಥ ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರಲು ಅಲ್ಲಿ ಬಿಡುವುದಿಲ್ಲ. ನಲ್ಲಿ ನೀರು ಕುಡಿಯಬಹುದು. ಮೇ 8 ಸರ್ಕಾರಿ ರಜೆ, ದೊಡ್ಡ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ಹಾಲು ಮೊಸರು ಹಿಂದಿನ ದಿನವೇ ತಂದಿಡಿ.

ಕಾಲಿಗೆ ಮಾತ್ರ ಒಳ್ಳೆಯ ಶೂ ಬೇಕೇ ಬೇಕು. ಊರಿನ ತುಂಬ ಸಣ್ಣ ಕಲ್ಲು ಹಾಸಿದ ಬೀದಿಗಳು, ಅಮ್ಮನ ಚಪ್ಪಲಿ ಮೊದಲ ದಿನವೇ ಸೋತಿತು. ವೆನ್ಸೆಸ್ಲಾಸ್ ಚೌಕದ ಕೆಳತುದಿಯಲ್ಲಿ ಗಾಜಿನ ಮೈಯ ಒಂದು ಕಟ್ಟಡವಿದೆ, ಬಾಟಾದ್ದು. ಬಾಟಾ ನಮ್ಮದೇ ಎಂದು ನಂಬಿದ್ದ ಅಮ್ಮನಿಗೆ ಅದು 1894ರಲ್ಲಿ ಜೆಕ್ ನಾಡಿನ ಜ್ಲೀನ್ ಊರಿನಲ್ಲಿ ಹುಟ್ಟಿದ ಕಂಪನಿ ಎಂದು ಹೇಳಿದಾಗ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಕೊನೆಯ ದಿನ ಲೆತ್ನಾ ಗುಡ್ಡದ ಮೇಲಿರುವ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಸೋಮವಾರ ರಜೆ. ಪ್ರವಾಸಿಗರು ಅಷ್ಟಾಗಿ ಬರುವುದಿಲ್ಲ, ಬೈಕು, ರೈಲಿನ ಹುಚ್ಚಿರುವ ಮಕ್ಕಳಿದ್ದರೆ ಕೋಟೆಗಿಂತ ಮೊದಲೇ ಇಲ್ಲಿಗೆ ಕರೆತನ್ನಿ. ದೊಡ್ಡ ಸಭಾಂಗಣದಲ್ಲಿ ಉಗಿಬಂಡಿಗಳು, ಹಳೇ ಕಾರುಗಳು, ಮೇಲೆ ತೂಗುಹಾಕಿದ ವಿಮಾನಗಳು. ಬೈಕುಗಳ ಹತ್ತಿರ ಬಂದಾಗ ಅಮ್ಮ ಕನ್ನಡಕ ಒರೆಸಿಕೊಂಡು ಒಂದೊಂದರ ಟ್ಯಾಂಕಿನ ಮೇಲಿನ ಹೆಸರನ್ನೂ ಓದುತ್ತಾ ಹೋದರು. ಜಾವಾ ಎಂದು ಕಂಡಲ್ಲಿ ನಿಂತರು. ಅಪ್ಪನ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಅಪ್ಪ ಕಲಿಸಿಕೊಟ್ಟಿದ್ದನ್ನು, ಚಾಮುಂಡಿ ಬೆಟ್ಟದ ತಿರುವಿನಲ್ಲಿ ಗಾಡಿ ನಿಂತುಹೋದಾಗ ಅಮ್ಮನೇ ಕಿಕ್ ಹೊಡೆದು ಸ್ಟಾರ್ಟ್ ಮಾಡಿದ್ದನ್ನು ಹೇಳಿದರು. ನಾನು ಅದುವರೆಗೆ ಕೇಳಿರದ ಕಥೆ ಅದು.